ಆರೋಪಿಯ ರಕ್ತಪರೀಕ್ಷೆಯೂ ಸಂತ್ರಸ್ತೆಯ 72 ಗಂಟೆಗಳೂ

ಅತ್ಯಾಚಾರದ ವಾರ್ತೆ ಬಂದಾಗಲೆಲ್ಲ ಆರೋಪಿಗೆ ಎಂಥ ಶಿಕ್ಷೆಯಾಗಬೇಕೆಂಬ ಚರ್ಚೆ ಊರೂರಿನ ಕಟ್ಟೆಗಳ ಮೇಲೆ ನಡೆಯುತ್ತದೆ. ಅವನಿಂದ ಆ ಹೆಣ್ಣುಮಗಳಿಗೆ ರೋಗವೇನಾದರೂ ತಗುಲಿರಬಹುದೇ ಎಂದು ಕೇಳುವವರು ವಿರಳ, ಕೇಳಿದರೂ ಪಿಸುದನಿಯಲ್ಲಿ. ಮಠದ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವ ಸದ್ಭಕ್ತರೂ ಇದ್ದಾರು. ಈ ಮೌನದಿಂದ ನಷ್ಟವಾಗುವುದು ಯಾರಿಗೆಂಬುದನ್ನು ಅವರು ಮುಂದೆ ಓದಿ ನಿರ್ಧರಿಸಲಿ.

ಅತ್ಯಾಚಾರದ ಆರೋಪಿಯನ್ನು ವೈದ್ಯಕೀಯ ತಪಾಸಣೆಗೆ ಒಳಪಡಿಸಲು 2005ರ ತಿದ್ದುಪಡಿಯ ಮೂಲಕ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 53-ಎ ಎಂಬ ಕಲಮನ್ನು ಸೇರಿಸಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 52ನೆಯ ಕಲಮು ಅದನ್ನೇ ಮುಂದುವರಿಸಿದೆ. ಮೈಮೇಲಿನ ಗಾಯದ ಗುರುತುಗಳನ್ನು ದಾಖಲಿಸುವುದು, ಡಿಎನ್ಎ ಪರೀಕ್ಷೆಗೆ ಮಾದರಿ ತೆಗೆಯುವುದು ಮುಂತಾದ ವಿವರಗಳು ಅಲ್ಲಿವೆ. ಅದರ ದೃಷ್ಟಿಯೆಲ್ಲ ಸಾಕ್ಷ್ಯದ ಮೇಲೆ. ಲೈಂಗಿಕ ಸೋಂಕುಗಳ ಪರೀಕ್ಷೆ ಕಡ್ಡಾಯವೆಂದು ಅದು ಹೇಳುವುದಿಲ್ಲ. ಎಚ್‌ಐವಿ ಪರೀಕ್ಷೆಗಂತೂ 2017ರ ಪ್ರತ್ಯೇಕ ಕಾಯ್ದೆಯಿದ್ದು, ಅದರಂತೆ ವ್ಯಕ್ತಿಯ ಒಪ್ಪಿಗೆ ಬೇಕು. ಪ್ರಕರಣದ ನಿರ್ಣಯಕ್ಕೆ ಪರೀಕ್ಷೆ ಅಗತ್ಯವೆಂದು ನ್ಯಾಯಾಲಯ ಆದೇಶಿಸಿದರೆ ಒಪ್ಪಿಗೆಯ ಮಾತು ಉಳಿಯುವುದಿಲ್ಲ.

ಎಲ್ಲ ಆರೋಪಿಗಳನ್ನೂ ಕಡ್ಡಾಯವಾಗಿ ಪರೀಕ್ಷಿಸಬೇಕೆಂಬ ಬೇಡಿಕೆಯನ್ನು ನಾವು ಅರ್ಧಮಟ್ಟಿಗೆ ಒಪ್ಪುತ್ತೇವೆ. ಮಗುವಿಗೆ ಎಚ್‌ಐವಿ ಅಥವಾ ಪ್ರಾಣಾಂತಕ ಸೋಂಕು ತಗುಲಿಸಿದ ಅತ್ಯಾಚಾರವನ್ನು ಪೋಕ್ಸೊ ಕಾಯ್ದೆ ಉಗ್ರಸ್ವರೂಪದ ಅಪರಾಧವೆಂದು ಪರಿಗಣಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಅದಕ್ಕೆ ಕನಿಷ್ಠ 20 ವರ್ಷಗಳ ಸೆರೆವಾಸವಿದೆ. ಇಂಥಲ್ಲಿ ಆರೋಪಿಯ ಪರೀಕ್ಷೆಯಿಲ್ಲದೆ ನ್ಯಾಯ ಪೂರ್ಣವಾಗದು. ನ್ಯಾಯಾಧೀಶರು ಈ ಅಧಿಕಾರವನ್ನು ವಿಳಂಬವಿಲ್ಲದೆ ಬಳಸಬೇಕು, ಫಲಿತಾಂಶ ವೈದ್ಯರ ಮೂಲಕ ಸಂತ್ರಸ್ತೆಗೂ ತಲುಪಬೇಕು ಎಂಬುದು ನಮ್ಮ ಅಭಿಮತ. ಅದು ಠಾಣೆಯ ಜಗಲಿಯಿಂದ ಸುದ್ದಿವಾಹಿನಿಗೆ ಸೋರಬಾರದು. ಆರೋಪ ಹೊತ್ತವರೆಲ್ಲ ಅಪರಾಧಿಗಳಲ್ಲ. ಅಲ್ಲದೆ, ಎಚ್‌ಐವಿಯೊಡನೆ ಗೌರವದಿಂದ ಬಾಳುತ್ತಿರುವ ಕುಟುಂಬಗಳು ನಮ್ಮ ನಡುವೆಯೇ ಇವೆ. ಆ ಸೋಂಕನ್ನು ದುರುಳತನದ ಲಕ್ಷಣವೆಂಬಂತೆ ಬಿಂಬಿಸುವುದು ಅವರಿಗೆ ಮಾಡುವ ಅನ್ಯಾಯ.

ಒಪ್ಪದ ಇನ್ನರ್ಧ ವೈದ್ಯಶಾಸ್ತ್ರಕ್ಕೆ ಸಂಬಂಧಿಸಿದ್ದು. ಆರೋಪಿಯ ವರದಿಯಲ್ಲಿ ಸೋಂಕಿಲ್ಲವೆಂದು ಬಂದೊಡನೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎಚ್‌ಐವಿ ದೇಹವನ್ನು ಹೊಕ್ಕ ಮೊದಲ ವಾರಗಳಲ್ಲಿ ಸಾಮಾನ್ಯ ರಕ್ತಪರೀಕ್ಷೆಗೆ ಅದು ಕಾಣಿಸುವುದೇ ಇಲ್ಲ. ಕೆಲವರಲ್ಲಿ ಮೂರು ತಿಂಗಳವರೆಗೂ ಕಾಣಿಸದಿರಬಹುದು. ವೈದ್ಯರು ಇದನ್ನು ವಿಂಡೋ ಪೀರಿಯಡ್ ಎನ್ನುತ್ತಾರೆ. ಸಿಫಿಲಿಸ್‌ನ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಈ ಅವಧಿಯಲ್ಲಿ ರಕ್ತದ ವರದಿ ಶುದ್ಧವಾಗಿದ್ದು ಸೋಂಕು ಮಾತ್ರ ಹರಡಬಲ್ಲುದು. ಆರೋಪಿ ತಲೆಮರೆಸಿಕೊಂಡಿದ್ದರೆ ಪರೀಕ್ಷೆಯ ಮಾತೇ ಇಲ್ಲ.

ಆದುದರಿಂದ ಮೊದಲ ಲಕ್ಷ್ಯ ಆಕೆಯ ಮೇಲಿರಬೇಕು. ಎಚ್‌ಐವಿ ತಗುಲಿರಬಹುದೆಂಬ ಸಂಶಯವಿದ್ದಾಗ ಅದು ಬೇರೂರದಂತೆ ತಡೆಯುವ ಔಷಧಗಳಿವೆ. ಅವನ್ನು ಘಟನೆಯಾದ 72 ಗಂಟೆಗಳ ಒಳಗೆ, ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲಿಯೇ ಆರಂಭಿಸಿ 28 ದಿನ ತಪ್ಪದೆ ಸೇವಿಸಬೇಕು. ಗಡುವು ಮೀರಿದರೆ ಅವುಗಳಿಂದ ಪ್ರಯೋಜನವಿಲ್ಲ. ಸಿಫಿಲಿಸ್, ಗೊನೋರಿಯಾಗಳಿಗೆ ಪ್ರತಿಜೈವಿಕ ಔಷಧಗಳನ್ನೂ ಹೆಪಟೈಟಿಸ್ ಬಿ ತಡೆಗೆ ಲಸಿಕೆಯನ್ನೂ ಕೊಡುತ್ತಾರೆ. ಗರ್ಭನಿರೋಧದ ಮಾತ್ರೆಯೂ ತಡವಾದಷ್ಟು ನಿಷ್ಫಲ. ಇವಾವುವೂ ಆರೋಪಿಯ ವರದಿಗಾಗಿ ಕಾಯಬೇಕಾದವಲ್ಲ. ಬಾಲಕರ ಮೇಲಿನ ದೌರ್ಜನ್ಯದಲ್ಲಿಯೂ ಸೋಂಕು ತಡೆಯುವ ಈ ಚಿಕಿತ್ಸೆ ಅಷ್ಟೇ ಅವಶ್ಯ.

ನಮ್ಮಲ್ಲಿ ಈ ಮೂರು ದಿನಗಳು ಕಳೆದುಹೋಗುವ ಬಗೆ ಎಲ್ಲರಿಗೂ ತಿಳಿದದ್ದೇ. ಮೊದಲ ದಿನ ಮನೆಯೊಳಗೆ ಅಳು, ಎರಡನೆಯ ದಿನ ಹಿರಿಯರ ಪಂಚಾಯಿತಿ, ಮೂರನೆಯ ದಿನ ದೂರು ಕೊಡಬೇಕೋ ಬೇಡವೋ ಎಂಬ ತೂಗಾಟ. ದೂರಿಗೂ ಚಿಕಿತ್ಸೆಗೂ ಗಂಟು ಹಾಕಬೇಕಾಗಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ಆಸ್ಪತ್ರೆಗಳೂ ಇಂಥವರಿಗೆ ತಕ್ಷಣ ಉಚಿತ ಚಿಕಿತ್ಸೆ ನೀಡಲೇಬೇಕೆಂದು ಸುರಕ್ಷಾ ಸಂಹಿತೆಯ 397ನೆಯ ಕಲಮು ವಿಧಿಸಿದೆ. ನಿರಾಕರಿಸಿದ ಆಸ್ಪತ್ರೆಯ ಹೊಣೆಗಾರರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾಗುತ್ತದೆ, ನಿಜ. ಮೊದಲು ಎಫ್‌ಐಆರ್ ತನ್ನಿ ಎಂದು ಬಾಗಿಲಲ್ಲಿ ತಡೆಯುವಂತಿಲ್ಲ.

ಕನ್ಯೆಯ ಸಂಗದಿಂದ ಗುಹ್ಯರೋಗ ವಾಸಿಯಾಗುವುದೆಂಬ ಹೇಯ ನಂಬಿಕೆಯೊಂದು ಕೆಲವೆಡೆ ಇನ್ನೂ ಜೀವಂತವಾಗಿದೆ. ಎಳೆಯ ಮಕ್ಕಳ ಪ್ರಕರಣಗಳಲ್ಲಿ ಸೋಂಕಿನ ಸಂಶಯವನ್ನು ಲಘುವಾಗಿ ಕಾಣಬಾರದೆನ್ನಲು ಇದೂ ಒಂದು ಕಾರಣ.

ಮೊದಲ ದಿನವೇ ಸಂತ್ರಸ್ತೆಯ ರಕ್ತವನ್ನೂ ಆಕೆಯ ಒಪ್ಪಿಗೆಯಿಂದ ಪರೀಕ್ಷಿಸಿಡುವುದು ಅತ್ಯವಶ್ಯ. ಅಂದು ಇಲ್ಲದ ಸೋಂಕು ಮುಂದೆ ಕಾಣಿಸಿಕೊಂಡರೆ, ಆರೋಪಿಯ ವರದಿಯ ಜೊತೆಗೆ ಅದೂ ನ್ಯಾಯಾಲಯದಲ್ಲಿ ಬಲವಾದ ಸಾಕ್ಷ್ಯವಾಗುತ್ತದೆ. ಬಳಿಕ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮರುಪರೀಕ್ಷೆಗಳಿರುತ್ತವೆ. ಜಿಲ್ಲಾಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಔಷಧವೂ ಆಪ್ತಸಮಾಲೋಚನೆಯೂ ಉಚಿತ. ದಾರಿ ತೋಚದವರು ಸಖಿ ಕೇಂದ್ರವನ್ನು ವಿಚಾರಿಸಬಹುದು. ಎಚ್‌ಐವಿ ಕುರಿತ ಸಂದೇಹಗಳಿಗೆ 1097, ಮಕ್ಕಳ ನೆರವಿಗೆ 1098 ಸಂಖ್ಯೆಗೆ ಕರೆ ಮಾಡಬಹುದು.