ಚಿಕ್ಕ ಪರದೆ, ಉದ್ದದ ಪಟ್ಟಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದು ಹಣದ ವಿಷಯಕ್ಕೆ. ಈಗ ಆ ಮಾತು ಜಾಲತಾಣ ಕಟ್ಟುವವರಿಗೂ ಸಲ್ಲುತ್ತದೆ. ಜಾಲತಾಣದ ನೆತ್ತಿಯ ಮೇಲೆ ಒಂದು ಪಟ್ಟಿ ಇರುತ್ತದಷ್ಟೆ: ಮುಖಪುಟ, ಕಾರ್ಯಕ್ರಮಗಳು, ಸದಸ್ಯತ್ವ, ಗ್ರಂಥಾಲಯ, ಸಂಪರ್ಕ, ಇತ್ಯಾದಿ. ಇದಕ್ಕೆ ಮೆನು ಎಂದು ಹೆಸರು. ಮೆನು ಎಂದೊಡನೆ ಮಾಟುಂಗದ ಉಡುಪಿ ಹೋಟೆಲಿನ ಹಲಗೆ ಕಣ್ಣಿಗೆ ಕಟ್ಟಿದರೆ ತಪ್ಪೇನೂ ಇಲ್ಲ; ಒಳಗೆ ಏನೇನು ದೊರೆಯುತ್ತದೆಂದು ಬಂದವರಿಗೆ ತಿಳಿಸುವುದೇ ಎರಡರ ಕೆಲಸವೂ. ಆದರೆ ಹಲಗೆಯ ಅಳತೆ ಎಲ್ಲರಿಗೂ ಒಂದೇ. ಜಾಲತಾಣದ ಪಟ್ಟಿಯಾದರೋ ಒಬ್ಬರ ಮೇಜಿನ ಮೇಲಿನ ಅಗಲವಾದ ಪರದೆಗೂ ಮತ್ತೊಬ್ಬರ ಅಂಗೈಯ ಫೋನಿಗೂ ಹೊಂದಬೇಕು.

ಮೊದಮೊದಲು ಕಂಪ್ಯೂಟರಿಗೊಂದು, ಫೋನಿಗೊಂದು ಎಂದು ಎರಡು ತಾಣಗಳನ್ನು ಕಟ್ಟುತ್ತಿದ್ದವರುಂಟು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರರು ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಒಂದೇ ಪುಟವು ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವ ಕ್ರಮವನ್ನು ವಿವರಿಸಿದರು. ಅದಕ್ಕೆ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಹೆಸರು ನಿಂತಿತು. ಪರದೆ ಅಗಲವಿದ್ದರೆ ಪಟ್ಟಿಯನ್ನು ಹೀಗೆ ತೋರು, ಕಿರಿದಾದರೆ ಹಾಗೆ ತೋರು ಎಂದು ಬ್ರೌಸರಿಗೆ ತಿಳಿಸುವ ‘ಮೀಡಿಯಾ ಕ್ವೆರಿ’ ಎಂಬ ನಿಯಮವೇ ಅದರ ಜೀವಾಳ.

ಇಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ಬಂದದ್ದು ಮೂರು ಗೆರೆಗಳ ಗುಂಡಿ. 1981ರಲ್ಲಿ ಹೊರಬಂದ ಜೆರಾಕ್ಸ್ ಸ್ಟಾರ್ ಗಣಕಕ್ಕಾಗಿ ನಾರ್ಮ್ ಕಾಕ್ಸ್ ಎಂಬವರು ಬರೆದ ಚಿಹ್ನೆ ಅದು. ಫೋನುಗಳ ಕಾಲ ಬಂದಾಗ ಅದಕ್ಕೆ ಮರುಜನ್ಮ ದೊರೆತು, ಪಟ್ಟಿಯನ್ನೆಲ್ಲ ಅದರ ಹಿಂದೆ ತುರುಕುವುದು ವಾಡಿಕೆಯಾಯಿತು. ಕಟ್ಟುವವರಿಗೆ ಇದು ಸುಲಭ. ನೋಡುವವರಿಗೆ?

ಪರಊರಿನ ಕನ್ನಡ ಸಂಘದ ತಾಣ ಬೇಕಾಗುವುದು ಯಾರಿಗೆ ಎಂದು ಯೋಚಿಸಿ. ವರ್ಗವಾಗಿ ಬಂದು, ಮಗುವಿಗೆ ಕನ್ನಡ ಕಲಿಸುವ ತರಗತಿ ಎಲ್ಲಿದೆಯೆಂದು ಹುಡುಕುವ ತಾಯಿಗೆ. ಮಗನ ಮನೆಗೆ ಬಂದು ನೆಲೆಸಿ, ನಾಲ್ಕು ಮಾತಾಡಲು ಕನ್ನಡದವರಿಲ್ಲದೆ ಬೇಸತ್ತ ತಂದೆಗೆ. ಆ ಹಿರಿಯರು ಮೂರು ಗೆರೆಗಳನ್ನು ಅಲಂಕಾರವೆಂದು ತಿಳಿದರೆ ಆಶ್ಚರ್ಯವಿಲ್ಲ. ಕಾಣದ್ದು ಇಲ್ಲವೆಂದೇ ಅವರ ಲೆಕ್ಕ. ತಾಣ ಮುಚ್ಚಿ ಸುಮ್ಮನಾಗುತ್ತಾರೆ. ಸಂಘಕ್ಕೆ ಅದು ಗೊತ್ತಾಗುವುದೂ ಇಲ್ಲ.

ಮುಂಬಯಿಯ ಒಂದೇ ಖೋಲಿಯಲ್ಲಿ ಸಂಸಾರ ಹೂಡಿದವರಿಗೆ ಇದರ ಪರಿಹಾರ ಹೇಳಿಕೊಡಬೇಕಾಗಿಲ್ಲ. ಹಗಲು ಹಾಸಿಗೆ ಸುತ್ತಿಡುತ್ತಾರೆ, ಟ್ರಂಕನ್ನು ಮಂಚದಡಿ ತಳ್ಳುತ್ತಾರೆ. ಆದರೆ ಕುಡಿಯುವ ನೀರಿನ ಬಿಂದಿಗೆಯನ್ನು ಯಾರೂ ಅಟ್ಟಕ್ಕೇರಿಸುವುದಿಲ್ಲ. ಪಟ್ಟಿಯಲ್ಲಿಯೂ ನಿತ್ಯ ಬೇಕಾದ ಎರಡು ಮೂರು ಮಾತುಗಳು ಚಿಕ್ಕ ಪರದೆಯ ಮೇಲೂ ಕಣ್ಣೆದುರಿಗಿರಲಿ: ಕಾರ್ಯಕ್ರಮಗಳು, ತರಗತಿಗಳು, ಸಂಪರ್ಕ. ಹಿಂದಿನ ಅಧ್ಯಕ್ಷರ ಹೆಸರು, ಛಾಯಾಚಿತ್ರಗಳು, ನಿಯಮಾವಳಿ ಇವೆಲ್ಲ ಗುಂಡಿಯ ಹಿಂದೆ ಹೋಗಲಿ. ಆ ಗುಂಡಿಯ ಮೇಲೂ ಗೆರೆಗಳ ಪಕ್ಕದಲ್ಲಿ ‘ಇನ್ನಷ್ಟು’ ಎಂದು ಅಕ್ಷರದಲ್ಲಿ ಬರೆದಿರಲಿ.

ಕಟ್ಟುವ ತರುಣರಿಗೆ ಕೆಲವು ಸೂಚನೆಗಳು. ಪುಟದ ತಲೆಭಾಗದಲ್ಲಿ ‘ವ್ಯೂಪೋರ್ಟ್’ ಸಾಲನ್ನು ಬರೆಯಲು ಮರೆಯಬೇಡಿ. ಅದಿಲ್ಲದಿದ್ದರೆ ಐಫೋನಿನಂಥವು ಪುಟ 980 ಪಿಕ್ಸೆಲ್ ಅಗಲವಿದೆಯೆಂದು ಭಾವಿಸಿ ಎಲ್ಲವನ್ನೂ ಇರುವೆಯ ಸಾಲಿನಂತೆ ಕುಗ್ಗಿಸಿಬಿಡುತ್ತವೆ. ಮೊದಲು ಚಿಕ್ಕ ಪರದೆಗೆ ಬರೆದು, ಆಮೇಲೆ ಅಗಲದ ನಿಯಮಗಳನ್ನು ಸೇರಿಸಿ. ಪಟ್ಟಿ ಎಲ್ಲಿ ಮಡಚಬೇಕೆಂಬುದಕ್ಕೆ 768 ಎಂಬ ಅಂಕೆಯನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಅದು ಐಪ್ಯಾಡಿನ ಅಗಲದಿಂದ ಬಂದದ್ದು, ನಿಮ್ಮ ಪಟ್ಟಿಯಿಂದ ಬಂದದ್ದಲ್ಲ. ಇಂಗ್ಲಿಷಿನ ‘ಹೋಮ್’ ಹಿಡಿಯುವ ಜಾಗದಲ್ಲಿ ನಮ್ಮ ‘ಕಾರ್ಯಕ್ರಮಗಳು’ ಹಿಡಿಸುವುದೆ? ಕಿಟಕಿಯನ್ನು ನಿಧಾನವಾಗಿ ಕಿರಿದು ಮಾಡುತ್ತ ಹೋಗಿ, ಕನ್ನಡದ ಪದಗಳು ಇಕ್ಕಟ್ಟಾಗುವ ಅಗಲವನ್ನೇ ಗುರುತು ಹಾಕಿಕೊಳ್ಳಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳವಾಗಿ ಎಡೆ ಬಿಡಿ.

ಆ ಅಗಲವನ್ನು ಪಿಕ್ಸೆಲ್ಲಿನಲ್ಲಿ ಹೇಳದೆ, ಅಕ್ಷರದ ಗಾತ್ರವನ್ನು ಆಧರಿಸಿದ ‘ಎಮ್’ ಎಂಬ ಅಳತೆಯಲ್ಲಿ ಹೇಳುವುದು ಲೇಸು. ಕಣ್ಣು ಮಂದವಾದವರು ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರೆ ಪಟ್ಟಿ ಅವರಿಗಾಗಿ ಬೇಗನೆ ಮಡಚಿಕೊಳ್ಳುತ್ತದೆ. ಇಲಿಯ ಬಾಣ ಮೇಲೆ ಬಂದರೆ ಮಾತ್ರ ತೆರೆಯುವ ಉಪಪಟ್ಟಿ ಬೇಡ. ಬೆರಳಿಗೆ ಆ ವಿದ್ಯೆ ಬಾರದು. ಗುಂಡಿ ನಿಜವಾದ ‘ಬಟನ್’ ಆಗಿರಲಿ. ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ‘ಏರಿಯಾ-ಎಕ್ಸ್‌ಪ್ಯಾಂಡೆಡ್’ ಎಂಬ ಗುರುತಿನಿಂದ ತಿಳಿಸಿದರೆ, ಕಣ್ಣು ಕಾಣದವರಿಗೆ ಪುಟ ಓದಿಹೇಳುವ ಯಂತ್ರ ಅದನ್ನು ನುಡಿಯುತ್ತದೆ. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಚೌಕವಿರಬೇಕೆಂಬುದು 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2ರ ನಿಯಮ. ನಡುಗುವ ಬೆರಳುಗಳನ್ನು ನೆನೆದು 44 ಕೊಟ್ಟರೆ ನಷ್ಟವಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಉಂಟು. ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಕೈಗೆ ಫೋನು ಕೊಟ್ಟು, ‘ಅಜ್ಜೀ, ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತದೆ, ನೋಡಿ ಹೇಳಿ’ ಎನ್ನಿ. ಬಾಯಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಬೆರಳು ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ತಿದ್ದಿರಿ.