ಕೊನೆಯ ನಾಲ್ಕು ಸಾಲು

ಪ್ರಬಂಧಕ್ಕೆ ಮೂರು ಅಂಗ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಕನ್ನಡ ಶಾಲೆಯಲ್ಲಿ ಕಲಿತವರಿಗೆಲ್ಲ ಇದು ಬಾಯಿಪಾಠ. ಆದರೆ ಮೂರನೆಯ ಅಂಗದ ಹೆಸರು ಕೇಳಿದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಮಹಿಷಾಸುರನ ಸಂಹಾರ. ಅನೇಕ ಉತ್ತರಪತ್ರಿಕೆಗಳಲ್ಲಿ ನಡೆಯುವುದೂ ಅದೇ ಎನ್ನಿ. ಒಂದೂವರೆ ಪುಟ ನೆಟ್ಟಗೆ ನಡೆದು ಬಂದ ಪ್ರಬಂಧದ ಕತ್ತನ್ನು ಕೊನೆಯ ಎರಡು ಸಾಲು ಹಿಚುಕಿಬಿಡುತ್ತವೆ.

ಆ ಎರಡು ಸಾಲು ಯಾವುವೆಂದು ಓದುಗರಿಗೆ ಹೇಳಬೇಕಾಗಿಲ್ಲ. 'ಒಟ್ಟಿನಲ್ಲಿ ಹೇಳುವುದಾದರೆ' ಎಂದು ಆರಂಭ, 'ಆದ್ದರಿಂದ ನಾವೆಲ್ಲರೂ ಕೈಜೋಡಿಸೋಣ' ಎಂದು ಮಂಗಳ. ನಡುವೆ ಪರಿಸರ, ಗ್ರಂಥಾಲಯ, ಸ್ವಚ್ಛತೆ, ರಾಷ್ಟ್ರೀಯ ಹಬ್ಬ ಏನನ್ನಿಟ್ಟರೂ ಸರಿಹೊಂದುತ್ತದೆ. ಬೆಳಗಾವಿಯ ಟಿಳಕವಾಡಿಯ ಹುಡುಗಿಯೂ ಖಾನಾಪುರ ತಾಲ್ಲೂಕಿನ ಕಾಡಂಚಿನ ಹುಡುಗನೂ ಒಂದೇ ಗೈಡಿನ ಒಂದೇ ಸಾಲನ್ನು ಬರೆದು ಪೆನ್ನು ಮುಚ್ಚುತ್ತಾರೆ.

ತಪ್ಪು ಮಕ್ಕಳದಲ್ಲ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಯ ಲಿಖಿತ ಪರೀಕ್ಷೆ 100 ಅಂಕದ್ದು. ಅದರಲ್ಲಿ ಪ್ರಬಂಧ ಬರುವುದು ಸಾಮಾನ್ಯವಾಗಿ ಪ್ರಶ್ನೆಪತ್ರಿಕೆಯ ಕೊನೆಯ ಭಾಗದಲ್ಲಿ. ಅಷ್ಟು ಹೊತ್ತಿಗೆ ಕೈ ಸೋತಿರುತ್ತದೆ, ಕಿವಿ ಗಂಟೆಯ ಕಡೆಗಿರುತ್ತದೆ. ತರಗತಿಯಲ್ಲಿಯೂ ಹಾಗೆಯೇ. ಪೀಠಿಕೆಗೆ ಗಾದೆ ಹುಡುಕಿಕೊಡುತ್ತೇವೆ, ನಡುವಿಗೆ ಅಂಶಗಳನ್ನು ಬರೆಸುತ್ತೇವೆ. 'ಸರ, ಕಡೀಕ ಏನ ಬರೀಬೇಕ್ರಿ?' ಎಂದು ಮಗು ಕೇಳಿದಾಗ ಬೆಲ್ಲು ಹೊಡೆದಿರುತ್ತದೆ.

ಉಪಸಂಹಾರವೆಂದರೆ ಕೊಲ್ಲುವುದಲ್ಲ, ಹರಡಿದ್ದನ್ನು ಒಟ್ಟುಗೂಡಿಸಿ ಹಿಂದಕ್ಕೆ ತಂದುಕೊಳ್ಳುವುದು. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನೂ ಅರ್ಜುನನೂ ಎದುರುಬದುರಾಗಿ ಮಹಾಸ್ತ್ರ ಬಿಡುತ್ತಾರೆ. ಋಷಿಗಳು ನಡುವೆ ಬಂದಾಗ ಅರ್ಜುನ ತನ್ನ ಅಸ್ತ್ರವನ್ನು ಉಪಸಂಹರಿಸುತ್ತಾನೆ. ಅಶ್ವತ್ಥಾಮನಿಗೆ ಬಿಡುವ ವಿದ್ಯೆ ಗೊತ್ತು, ಹಿಂದಕ್ಕೆ ಕರೆಯುವ ವಿದ್ಯೆ ಗೊತ್ತಿಲ್ಲ. ಈ ಕಥೆಯನ್ನು ಒಮ್ಮೆ ಹೇಳಿದರೆ ಸಾಕು, ಕೊನೆಯ ಪ್ಯಾರಾದ ಕೆಲಸ ಏನೆಂದು ಏಳನೆಯ ತರಗತಿಯ ಮಗುವಿಗೂ ತಿಳಿಯುತ್ತದೆ.

ಕಲಿಸುವುದು ಹೇಗೆ? ಕೈಗೆಟಕುವ ವಿಷಯವೊಂದನ್ನು ತೆಗೆದುಕೊಳ್ಳೋಣ: 'ನಮ್ಮ ನದಿ ಮಲಪ್ರಭೆ'. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ, ಖಾನಾಪುರವನ್ನು ಹಾದು ಹೋಗುತ್ತಾಳೆ, ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಲ್ಲುತ್ತಾಳೆ, ಪಟ್ಟದಕಲ್ಲು ಐಹೊಳೆಗಳನ್ನು ನೋಡಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. 2019ರ ಆಗಸ್ಟ್ ತಿಂಗಳಲ್ಲಿ ಉಕ್ಕಿ ಹರಿದು ಊರುಗಳನ್ನು ನಡುಗಿಸಿದವಳೂ ಇವಳೇ. ಇಷ್ಟನ್ನು ಮಗು ಬರೆಯಿತು. ಮುಂದೆ? 'ಹೀಗೆ ಮಲಪ್ರಭೆಯು ಪವಿತ್ರವಾದ ನದಿಯಾಗಿದ್ದು, ಎಲ್ಲರೂ ಅದನ್ನು ರಕ್ಷಿಸೋಣ.' ಇದರಲ್ಲಿ ಮಲಪ್ರಭೆಯ ಹೆಸರು ಅಳಿಸಿ ಗಂಗೆ, ಕಾವೇರಿ ಎಂದು ಬರೆದರೂ ಏನೂ ಕೆಡುವುದಿಲ್ಲ. ಅದೇ ಅದರ ದೋಷ.

ಮಾಸ್ತರರು ಇಲ್ಲಿ ಒಂದೇ ಒಂದು ಪ್ರಶ್ನೆ ಕೇಳಬೇಕು: 'ಇದೆಲ್ಲಾ ಖರೆ, ಹಂಗಾದ್ರ ಏನಾತು? ನಿನಗೇನ ಅನಸ್ತೈತಿ?' ಮಗು ತಲೆ ಕೆರೆದುಕೊಂಡೀತು. ಆಮೇಲೆ, 'ಮ್ಯಾಲಿನವ್ರು ಹೊಲಸ ಮಾಡಿದ್ರ ಕೆಳಗಿನವ್ರು ಅದನ್ನ ಕುಡೀಬೇಕಲ್ರಿ ಸರ' ಎಂದೀತು. ಉಪಸಂಹಾರ ಸಿಕ್ಕಿತು! ಅದನ್ನೇ ಗ್ರಂಥಸ್ಥ ಭಾಷೆಗೆ ತಿರುಗಿಸಿದರೆ ಆಯಿತು: 'ಕಣಕುಂಬಿಯ ನೀರೇ ನವಿಲುತೀರ್ಥದ ನೀರು. ಖಾನಾಪುರದವರು ಹೊಳೆಗೆ ಎಸೆದದ್ದು ಕೆಳಗಿನ ಊರಿನವರ ಕೊಡವನ್ನು ಸೇರುತ್ತದೆ. ನದಿ ಮೊದಲು ನಮ್ಮಲ್ಲಿಗೆ ಬರುವುದರಿಂದ ಅದನ್ನು ಕಾಯುವ ಕೆಲಸವೂ ಮೊದಲು ನಮ್ಮದೇ.' ಹೊಸ ಮಾಹಿತಿ ಇಲ್ಲ, ಹೇಳಿದ್ದರ ಪುನರಾವರ್ತನೆಯೂ ಇಲ್ಲ. ಹೇಳಿದ್ದರಿಂದ ಹುಟ್ಟಿದ ಒಂದು ಮಾತು ಇದೆ.

ಎರಡನೆಯ ಉಪಾಯ ಅದಲುಬದಲು ಪರೀಕ್ಷೆ. ಇಬ್ಬರು ಮಕ್ಕಳು ತಮ್ಮ ಕೊನೆಯ ಪ್ಯಾರಾಗಳನ್ನು ಪರಸ್ಪರ ಬದಲಿಸಿಕೊಳ್ಳಲಿ. ವನಮಹೋತ್ಸವದ ಬಾಲ ಗ್ರಂಥಾಲಯಕ್ಕೂ ಹೊಂದಿದರೆ ಎರಡನ್ನೂ ಹೊಡೆದುಹಾಕಿ ಮತ್ತೆ ಬರೆಯಬೇಕು. ಮಕ್ಕಳು ಇದನ್ನು ಆಟದಂತೆ ಆಡುತ್ತಾರೆ, ಬೈಗುಳ ಬೇಕಾಗುವುದಿಲ್ಲ.

ಮೂರನೆಯದು, ಕಣ್ಣಿಗೆ ಕಾಣುವ ಒಂದು ವಸ್ತುವಿನಿಂದ ಮುಗಿಸುವುದು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. 'ಇಂಥ ವೀರರು ಮತ್ತೆ ಹುಟ್ಟಿ ಬರಲಿ' ಎಂಬ ಘೋಷಣೆಗಿಂತ, ಅವನ ಸಮಾಧಿಯ ಬಳಿಯ ಆಲದ ಮರವನ್ನೂ ಅಲ್ಲಿಗೆ ಬರುವ ಜನರನ್ನೂ ಎರಡು ಸಾಲಿನಲ್ಲಿ ತೋರಿಸಿದರೆ ಪ್ರಬಂಧ ತಾನಾಗಿಯೇ ಮುಗಿಯುತ್ತದೆ. ಬೆಳಗಾವಿಯ ಮಗುವಿಗೆ 1924ರ ಕಾಂಗ್ರೆಸ್ ಅಧಿವೇಶನವಿದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಬಂದವರ ನೀರಡಿಕೆಗೆಂದು ಆಗ ತೋಡಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಹೆಸರಾಗಿದೆ. ಆದರ್ಶ ಪಾಲಿಸೋಣ ಎಂಬ ಸಾಲಿಗಿಂತ ಆ ಬಾವಿ ಹೆಚ್ಚು ಹೇಳುತ್ತದೆ.

ವಾದದ ವಿಷಯವಾದರೆ ಲೆಕ್ಕ ಬೇರೆ. 'ಮೊಬೈಲಿನ ಸಾಧಕ ಬಾಧಕ'ವನ್ನು ಎರಡೂ ಕಡೆಯಿಂದ ತೂಗಿ, 'ಎರಡೂ ಇವೆ' ಎಂದು ಮುಗಿಸಿದರೆ ತಕ್ಕಡಿ ಹಿಡಿದವನು ತೂಕವನ್ನೇ ಹೇಳದೆ ಹೋದಂತೆ. ಯಾವ ಕಡೆ ಭಾರ, ಏಕೆ, ಎಂಬುದನ್ನು ಕೊನೆಗೆ ಹೇಳಲೇಬೇಕು.

ಖಾನಾಪುರದ ಕಡೆ ಇನ್ನೊಂದು ಮಾತಿದೆ. ಅಲ್ಲಿ ಅನೇಕ ಮಕ್ಕಳ ಮನೆಮಾತು ಮರಾಠಿ ಅಥವಾ ಕೊಂಕಣಿ. ಅಂಥವರಿಗೆ ಗೈಡಿನ ಸಾಲು ಊರುಗೋಲಿನಂತೆ. ತಪ್ಪಾದೀತೆಂಬ ಹೆದರಿಕೆಯಿಂದ ಹಿಡಿದದ್ದನ್ನು ಬಿಡುವುದಿಲ್ಲ. ಅವರು ತಮ್ಮ ಕೊನೆಯ ಮಾತನ್ನು ಮೊದಲು ಮನೆಯ ಭಾಷೆಯಲ್ಲಿಯೇ ಹೇಳಲಿ, ಆಮೇಲೆ ಕನ್ನಡಕ್ಕೆ ತರಲಿ. ಮರಾಠಿ ನಿಬಂಧದ 'ಸಮಾರೋಪ' ಅವರಿಗೆ ಗೊತ್ತು. ಶಾಲೆಯ ಸಮ್ಮೇಳನದ ಕಡೆಯ ದಿನ ಕನ್ನಡದವರೂ ಅದೇ ಶಬ್ದ ಬಳಸುತ್ತಾರೆ. ಒಂದೆರಡು ವಿಭಕ್ತಿ ತಪ್ಪಾದರೂ ಸ್ವಂತದ ಮಾತು ಸ್ವಂತದ್ದೇ. ವಿಭಕ್ತಿಯನ್ನು ನಾಳೆ ತಿದ್ದಬಹುದು.

ಪರೀಕ್ಷೆಯ ಮಟ್ಟಿಗೆ ಲೆಕ್ಕ ಸರಳ: ಪ್ರಬಂಧ ಆರಂಭಿಸುವ ಮುನ್ನವೇ ಕೊನೆಯ ಮಾತನ್ನು ಪೆನ್ಸಿಲಿನಲ್ಲಿ ಒಂದು ಸಾಲು ಗುರುತು ಹಾಕಿಕೊಳ್ಳಬೇಕು, ಅದಕ್ಕೆಂದು ಐದು ನಿಮಿಷ ಉಳಿಸಿಕೊಳ್ಳಬೇಕು, ಮೂರು ನಾಲ್ಕು ಸಾಲಿಗೆ ನಿಲ್ಲಿಸಬೇಕು. ಮೌಲ್ಯಮಾಪಕರು ಅಂಕ ಹಾಕುವ ಮುನ್ನ ಕಟ್ಟಕಡೆಗೆ ಓದುವುದು ಆ ಸಾಲುಗಳನ್ನೇ.

ಆದರೆ ಇದು ಅಂಕಕ್ಕೇ ಮುಗಿಯುವ ಸಂಗತಿಯಲ್ಲ. ಇಂದು ಪ್ರಬಂಧ ಬರೆಯುವ ಹುಡುಗಿ ನಾಳೆ ಅಜ್ಜಿಯ ವಿಧವಾ ವೇತನಕ್ಕೆ, ಊರ ರಸ್ತೆಗೆ, ಬಿದ್ದ ಮನೆಯ ಪರಿಹಾರಕ್ಕೆ ತಹಶೀಲ್ದಾರರಿಗೆ ಅರ್ಜಿ ಬರೆಯಬೇಕಾದವಳು. ಎರಡು ಪುಟ ಕಷ್ಟ ಹೇಳಿ, ಕೊನೆಗೆ ಏನು ಬೇಕೆಂಬುದನ್ನೇ ಬರೆಯದ ಅರ್ಜಿಗಳು ಕಚೇರಿಗಳಿಗೆ ಬರುತ್ತಲೇ ಇರುತ್ತವೆ, ಕಡತದಲ್ಲಿ ಕೂರುತ್ತಲೇ ಇರುತ್ತವೆ. 'ಹಂಗಾದ್ರ ಏನಾತು?' ಎಂದು ತನ್ನನ್ನೇ ಕೇಳಿಕೊಳ್ಳುವ ರೂಢಿ ಎಂಟನೆಯ ತರಗತಿಯಲ್ಲಿಯೇ ಬಂದಿದ್ದರೆ, ಆ ಅರ್ಜಿಯ ಕೊನೆಯ ಪ್ಯಾರಾದಲ್ಲಿ ಅವಳು ಬರೆಯುತ್ತಾಳೆ: ಇಂಥದ್ದು ಬೇಕು, ಇಂಥ ದಿನದೊಳಗೆ ಬೇಕು, ಇಂಥ ಕಾರಣಕ್ಕೆ ಬೇಕು.