ನಲ್ಲಿ ನೀರು ಸಣ್ಣದಾದರೆ ಮೋಟಾರು ಮದ್ದಲ್ಲ

ಕೊಚ್ಚಿಗೆ ಪೆರಿಯಾರ್ ನದಿಯ ನೀರು ಆಲುವಾದಿಂದ ಬರುತ್ತದೆ. ತಿರುವನಂತಪುರಕ್ಕೆ ಕರಮನ ನದಿಯ ನೀರು 1933ರಿಂದಲೂ ಅರುವಿಕ್ಕರದಿಂದ ಹರಿಯುತ್ತಿದೆ. ಮಳೆಗೂ ಬರವಿಲ್ಲ. ಆದರೂ ಮಟ್ಟಾಂಚೇರಿಯ ಓಣಿಗಳಲ್ಲಿ, ತಿರುವನಂತಪುರದ ಕೋಟೆ ಪ್ರದೇಶದಲ್ಲಿ ಹಳೆಯ ಮನೆಗಳನ್ನು ಬಾಡಿಗೆಗೆ ಹಿಡಿದ ಕನ್ನಡಿಗರು ಬೆಳಿಗ್ಗೆ ಒಂದು ಬಕೆಟ್ ತುಂಬಲು ಕಾಯುವುದು ತಪ್ಪಿಲ್ಲ.

ದೂರು ಸಾಮಾನ್ಯವಾಗಿ ಕೇರಳ ಜಲ ಪ್ರಾಧಿಕಾರದ ಮೇಲೆ. ಕೆಲವೊಮ್ಮೆ ಅದು ಸರಿಯೂ ಹೌದು. 2023ರ ಆರಂಭದಲ್ಲಿ ಪಾಳೂರಿನ ಪಂಪುಗಳು ಕೆಟ್ಟು ಪಶ್ಚಿಮ ಕೊಚ್ಚಿ ಪರದಾಡಿತು. 2024ರ ಸೆಪ್ಟೆಂಬರಿನಲ್ಲಿ ರೈಲು ಮಾರ್ಗದ ಕಾಮಗಾರಿಗಾಗಿ ಪೈಪು ಸ್ಥಳಾಂತರಿಸುವಾಗ ತಿರುವನಂತಪುರದ ಬಹುಭಾಗಕ್ಕೆ ದಿನಗಟ್ಟಲೆ ನೀರಿರಲಿಲ್ಲ. ಆದರೆ ಆಗ ಬತ್ತಿದ್ದು ಇಡೀ ಬೀದಿ. ಪಕ್ಕದ ಮನೆಯಲ್ಲಿ ನೀರು ರಭಸವಾಗಿ ಬರುತ್ತಿದ್ದು ಒಂದೇ ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ದೋಷ ಹೆಚ್ಚಾಗಿ ಆ ಮನೆಯ ಪೈಪಿನಲ್ಲೇ ಇರುತ್ತದೆ.

ಹಳೆಯ ಮನೆಗಳಲ್ಲಿರುವುದು ಜಿ.ಐ. ಪೈಪು, ಅಂದರೆ ಸತುವಿನ ಲೇಪವಿರುವ ಕಬ್ಬಿಣ. ವರ್ಷಗಳು ಕಳೆದಂತೆ ಸತು ಸವೆದು, ಕಬ್ಬಿಣಕ್ಕೆ ತುಕ್ಕು ಹಿಡಿದು, ಒಳಗೆ ಗಂಟುಗಂಟಾಗಿ ಬೆಳೆಯುತ್ತದೆ. ಕೇರಳದ ಎಷ್ಟೋ ಬಾವಿಗಳ ನೀರಿನಲ್ಲಿ ಆಮ್ಲೀಯ ಗುಣವಿರುವುದರಿಂದ, ಬಾವಿ ನೀರನ್ನೂ ಅದೇ ಪೈಪಿಗೆ ಬಿಡುವ ಮನೆಗಳಲ್ಲಿ ಸವೆತ ಇನ್ನೂ ಬೇಗ. ಪೈಪಿನ ಒಳ ಅಗಲ ಅರ್ಧಕ್ಕಿಳಿದರೆ ನೀರು ಅರ್ಧವಾಗುವುದಿಲ್ಲ, ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಬೆಳಿಗ್ಗೆ ಮೊದಲು ಬರುವ ಕಂದು ನೀರೇ ಇದರ ಮುನ್ಸೂಚನೆ.

ಪರೀಕ್ಷೆಗೆ ಖರ್ಚಿಲ್ಲ. ಮೀಟರಿನ ಹತ್ತಿರದ ನಲ್ಲಿಯಲ್ಲಿ 10 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ, ಅದೇ ಪೈಪಿನ ಒಳಗಿನ ನಲ್ಲಿಯಲ್ಲೂ ನೋಡಬೇಕು. ವ್ಯತ್ಯಾಸ ದೊಡ್ಡದಿದ್ದರೆ ಮೊದಲು ನಲ್ಲಿಯ ಜಾಲರಿ ತೊಳೆದು, ವಾಲ್ವ್ ಪೂರ್ತಿ ತೆರೆದಿದೆಯೇ ಎಂದು ಪರೀಕ್ಷಿಸಬೇಕು. ಅದೂ ಸರಿಯಿದ್ದರೆ ಉಳಿದದ್ದು ಪೈಪು. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೂ ಇದೇ ಲೆಕ್ಕ.

ಇಲ್ಲಿಯೇ ಹಲವರು ಎಡವುತ್ತಾರೆ. ಬೀದಿಯಿಂದ ಬರುವ ಪೈಪಿಗೇ ಮೋಟಾರು ಕೂರಿಸುತ್ತಾರೆ. ಇದಕ್ಕೆ ಅನುಮತಿಯಿಲ್ಲ. ನೆರೆಯವರ ಪಾಲಿನ ನೀರನ್ನು ಎಳೆದುಕೊಳ್ಳುವುದಷ್ಟೇ ಅಲ್ಲ, ಪೈಪಿನಲ್ಲಿ ಬಿರುಕಿದ್ದರೆ ಚರಂಡಿಯ ಕೊಳೆಯನ್ನೂ ಅದು ಒಳಗೆ ಹೀರುತ್ತದೆ. ಮೋಟಾರು ಬೇಕೇ ಬೇಕೆಂದರೆ, ನೀರು ತಾನಾಗಿ ಸಂಪಿಗೆ ಬೀಳಲಿ, ಸಂಪಿನಿಂದ ಟ್ಯಾಂಕಿಗೆ ಏರಿಸಲಿ. ಪರವೂರಿನಲ್ಲಿ ಬಾಳುವವರಿಗೆ ನೆರೆಯವರ ಸ್ನೇಹಕ್ಕಿಂತ ದೊಡ್ಡ ಆಸರೆ ಇಲ್ಲ. ಒಂದು ಬಕೆಟ್ ನೀರಿಗಾಗಿ ಅದನ್ನು ಕಳೆದುಕೊಳ್ಳಬಾರದು.

ನಿಜವಾದ ಪರಿಹಾರ ಪೈಪು ಬದಲಾವಣೆ. ತುಂಡು ತುಂಡಾಗಿ ಬದಲಿಸಿದರೆ ಕಳಚಿದ ತುಕ್ಕು ಮುಂದಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗೋಡೆ ಒಡೆಯದೆ, ಹಳೆಯದನ್ನು ಅಲ್ಲಿಯೇ ಬಿಟ್ಟು, ಹೊರಗಿನಿಂದ ಹೊಸ ಸಿಪಿವಿಸಿ ಪೈಪು ಎಳೆಯಬಹುದು. ಬಿಸಿಲು ಬೀಳುವಲ್ಲಿ ಬಣ್ಣ ಬಳಿಯಬೇಕು. ಕೆಲವು ಹಳೆಯ ಮನೆಗಳಲ್ಲಿ ವಿದ್ಯುತ್ತಿನ ಅರ್ತಿಂಗ್ ಅನ್ನು ಕಬ್ಬಿಣದ ಪೈಪಿಗೇ ಕೊಟ್ಟಿರುತ್ತಾರೆ. ಪ್ಲಾಸ್ಟಿಕ್ ಪೈಪು ಬಂದರೆ ಆ ರಕ್ಷಣೆ ತಪ್ಪುವುದರಿಂದ ಎಲೆಕ್ಟ್ರಿಷಿಯನ್‌ಗೂ ತೋರಿಸುವುದು ಅಗತ್ಯ.

ಖರ್ಚು ಯಾರದು? ಪೈಪು ಮನೆಯ ಆಸ್ತಿ, ಆದ್ದರಿಂದ ಮಾಲೀಕರದ್ದೇ. ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುವ ಬಾಡಿಗೆದಾರ ಅದನ್ನು ಹೊರುವುದು ನ್ಯಾಯವಲ್ಲ. ಆದರೆ ಮುಂಗಡ ಕೊಟ್ಟ ಮೇಲೆ ಕೇಳಿದರೆ ಮಾತಿಗೆ ಬೆಲೆಯಿರುವುದಿಲ್ಲ. ಬಾಡಿಗೆದಾರನೇ ಮೊದಲು ಹಣ ಹಾಕಿದರೂ ಬಾಡಿಗೆಯಲ್ಲಿ ಮುರಿದುಕೊಳ್ಳುವುದನ್ನು ಕರಾರಿನಲ್ಲಿ ಬರೆಸಬೇಕು.

ಹೊಸದಾಗಿ ಬರುವವರು ಮನೆ ಹುಡುಕಲು ಮೊದಲು ವಿಚಾರಿಸುವುದು ಕನ್ನಡ ಸಂಘದವರನ್ನೇ. ರಾಜ್ಯೋತ್ಸವಕ್ಕೆ ಆಹ್ವಾನಿಸುವ ಸಂಘಗಳು, ಮನೆ ಒಪ್ಪುವ ಮುನ್ನ ನಲ್ಲಿ ತೆರೆದು ನೋಡಲು ಹೇಳಲಿ. ಭಾಷೆ ಬಾರದವರ ಜೊತೆ ಮಲಯಾಳ ಬಲ್ಲ ಒಬ್ಬ ಸದಸ್ಯರು ಮಾಲೀಕರ ಬಳಿಗೆ ಹೋಗಿ ಮಾತನಾಡಲಿ. ಇದೂ ಕನ್ನಡದ ಕೆಲಸವೇ.